ಹಳೇ ಫೋಟೋದಲ್ಲಿರುವ ‘ಹಮ್ಮಿಂಗ್‌ಬರ್ಡ್’ ನಿಜಕ್ಕೂ ಯಾವ ಹಕ್ಕಿ? ಗುರುತು ಹಿಡಿಯುವ ಬಗೆ

ಮಳೆಗಾಲ ಮುಗಿದು ಅಟ್ಟದ ಪೆಟ್ಟಿಗೆಗಳು ಬಿಸಿಲಿಗೆ ಬಂದವು ಅಂದರೆ ಸಾಕು, ಒಂದೇ ಪ್ರಶ್ನೆ ಶುರುವಾಗುತ್ತದೆ. ‘ಅಜ್ಜ ತೆಗೆದ ಫೋಟೋ, ದಾಸವಾಳದ ಮೇಲೆ ಹಮ್ಮಿಂಗ್‌ಬರ್ಡ್ ಕೂತಿದೆ, ಯಾವ ಜಾತಿ ಹೇಳಿ.’ ಶಿರಸಿಯವರು ಕೇಳುತ್ತಾರೆ, ಕುಮಟಾದವರು ಕೇಳುತ್ತಾರೆ, ಕಾರವಾರದವರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಪೂರ್ತಿ ಕ್ರಮವನ್ನು ಇಲ್ಲೇ ಬರೆದುಬಿಡುತ್ತೇನೆ.

ಮೊದಲ ಮಾತು: ಫೋಟೋ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ತೆಗೆದದ್ದಾದರೆ ಅದು ಹಮ್ಮಿಂಗ್‌ಬರ್ಡ್ ಅಲ್ಲ. ಹಮ್ಮಿಂಗ್‌ಬರ್ಡ್‌ಗಳಲ್ಲಿ 360ಕ್ಕೂ ಹೆಚ್ಚು ಜಾತಿಗಳಿವೆ. ಅಷ್ಟೂ ಇರುವುದು ಉತ್ತರ ಮತ್ತು ದಕ್ಷಿಣ ಅಮೆರಿಕದಲ್ಲಿ, ಅಲ್ಲಿನ ದ್ವೀಪಗಳಲ್ಲಿ. ಭಾರತದಲ್ಲಿ ಒಂದೂ ಇಲ್ಲ. ನಮ್ಮಲ್ಲಿ ಹೂವಿಗೆ ಬರುವ ಸಣ್ಣ, ಹೊಳೆಯುವ, ಬಾಗಿದ ಕೊಕ್ಕಿನ ಹಕ್ಕಿ ಸೂರಕ್ಕಿ, ಇಂಗ್ಲಿಷ್‌ನಲ್ಲಿ ಸನ್‌ಬರ್ಡ್. ಇವೆರಡು ಸಂಬಂಧಿಗಳೂ ಅಲ್ಲ. ಇಬ್ಬರೂ ಹೂವಿನ ರಸ ಹೀರಿ ಬದುಕುವವರು, ಹಾಗಾಗಿ ನೋಡಲು ಒಂದೇ ತರ ಕಾಣುತ್ತಾರೆ, ಅಷ್ಟೇ.

ಬೇಜಾರು ಮಾಡಿಕೊಳ್ಳಬೇಡಿ. ಸೂರಕ್ಕಿಗಳಲ್ಲೂ ನಮ್ಮ ಜಿಲ್ಲೆಯಲ್ಲಿ ಐದು ಜಾತಿ ನೋಡಲು ಸಿಗುತ್ತವೆ: ಪರ್ಪಲ್-ರಂಪ್ಡ್, ಪರ್ಪಲ್, ಲೋಟೆನ್ಸ್, ಕ್ರಿಮ್ಸನ್-ಬ್ಯಾಕ್ಡ್, ವಿಗರ್ಸ್. ಅದರಲ್ಲಿ ಕೊನೆಯ ಎರಡು ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನಿಮ್ಮ ಅಜ್ಜನ ಫೋಟೋದಲ್ಲಿ ಅಂಥದ್ದೊಂದು ಕೂತಿದ್ದರೆ ಹಮ್ಮಿಂಗ್‌ಬರ್ಡ್‌ಗಿಂತ ಅದೇ ಮೇಲು ಅಲ್ವಾ? ಇನ್ನು ಅಮೆರಿಕದಲ್ಲಿರುವ ಮಗಳೋ ಅಳಿಯನೋ ಕಳಿಸಿದ ಫೋಟೋ ಆದರೆ ಮಾತು ಬೇರೆ. ಅವರು ಮೊದಲ ಮೂರು ಹಂತ ಓದಿ ನೇರ ಎಂಟಕ್ಕೆ ಹೋಗಬಹುದು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಒಂದು ಭೂತಗನ್ನಡಿ, ಒಂದು ಸ್ಕೇಲು, ಮೆತ್ತನೆಯ ಬ್ರಷ್, ಪೆನ್ಸಿಲ್, ಒಳ್ಳೇ ಕ್ಯಾಮೆರಾ ಇರುವ ಫೋನ್. ಸ್ಕ್ಯಾನರ್ ಸಿಕ್ಕರೆ ಉತ್ತಮ. ಬಣ್ಣದ ಚಿತ್ರಗಳಿರುವ ಒಂದು ಹಕ್ಕಿ ಪುಸ್ತಕವೂ ಹತ್ತಿರ ಇರಲಿ.

1. ಹಕ್ಕಿ ನೋಡುವ ಮೊದಲು ಫೋಟೋದ ಬೆನ್ನು ನೋಡಿ

ಎಲ್ಲಿ ತೆಗೆದದ್ದು, ಯಾವಾಗ ತೆಗೆದದ್ದು. ಇವೆರಡು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಹಿಂದೆ ಬರೆದದ್ದು, ಸ್ಟುಡಿಯೋದ ಮೊಹರು, ಕಾಗದದ ಕಂಪನಿ ಹೆಸರು, ಎಲ್ಲವನ್ನೂ ಒಂದು ಹಾಳೆಯಲ್ಲಿ ಇದ್ದ ಹಾಗೇ ಬರೆದಿಟ್ಟುಕೊಳ್ಳಿ.

ಮೊಹರಿನಿಂದ ಕಾಲ ಹಿಡಿಯಬಹುದು. ನಮ್ಮ ಜಿಲ್ಲೆ 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು. ಆಮೇಲೆ ಮೈಸೂರು ರಾಜ್ಯಕ್ಕೆ ಸೇರಿತು. 1973ರ ನವೆಂಬರ್‌ನಲ್ಲಿ ರಾಜ್ಯದ ಹೆಸರು ಕರ್ನಾಟಕ ಆಯಿತು. ಹಾಗಾಗಿ ಕಾರವಾರದ ಸ್ಟುಡಿಯೋ ಮೊಹರಿನಲ್ಲಿ ‘ಮೈಸೂರು ರಾಜ್ಯ’ ಅಂತ ಇದ್ದರೆ ಅದು ಸುಮಾರಾಗಿ ಆ ನಡುವಿನ ಕಾಲದ್ದು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ನಂತರದ್ದು. ಆದರೆ ಹಳೇ ಮೊಹರನ್ನು ವರ್ಷಗಟ್ಟಲೆ ಒತ್ತುತ್ತಾ ಕೂತವರೂ ಇದ್ದರು, ಆದ್ದರಿಂದ ಎರಡು ಮೂರು ವರ್ಷ ಆಚೀಚೆ ಇಟ್ಟುಕೊಳ್ಳಿ.

ತಿಂಗಳು ಬೇಕಾದರೆ ಹಿನ್ನೆಲೆ ನೋಡಿ. ಅಡಿಕೆ ಕೊನೆಗೆ ಕೊಟ್ಟೆ (ಮಳೆ ತಾಗದಂತೆ ಹಾಕುವ ಹೊದಿಕೆ) ಕಟ್ಟಿದ್ದರೆ ಮಳೆಗಾಲ ಅಥವಾ ಅದರ ಬಾಗಿಲು. ಅಂಗಳದಲ್ಲಿ ಅಡಿಕೆ ಒಣಗಿಸಿದ್ದರೆ ಚಳಿಗಾಲದ ಆಸುಪಾಸು. ಮುತ್ತುಗವೋ ಹಾಲಿವಾಣವೋ ಎಲೆ ಉದುರಿಸಿ ಕೆಂಪಾಗಿ ಹೂಬಿಟ್ಟಿದ್ದರೆ ಬೇಸಿಗೆ ಹತ್ತಿರ ಬಂದಿದೆ ಅಂತ. ಹಿಂದೆ ಕೊಂಕಣ ರೈಲಿನ ಹಳಿ ಕಂಡರೆ ಅದು ತೊಂಬತ್ತರ ದಶಕಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಪೂರ್ತಿ ದಾರಿಯಲ್ಲಿ ರೈಲು ಓಡಿದ್ದು 1998ರಲ್ಲಿ.

ಇಲ್ಲಿ ಎಡವುವ ಜಾಗಗಳು ಕೆಲವಿವೆ. ಫೋಟೋದ ಮೂಲೆಯಲ್ಲಿ ಕಿತ್ತಳೆ ಬಣ್ಣದಲ್ಲಿ ಅಚ್ಚಾದ ತಾರೀಕನ್ನು ಕಣ್ಣುಮುಚ್ಚಿ ನಂಬಬೇಡಿ. ಆಗಿನ ಕ್ಯಾಮೆರಾದಲ್ಲಿ ಬ್ಯಾಟರಿ ಬದಲಿಸಿದರೆ ತಾರೀಕು ಮತ್ತೆ ಮೊದಲಿಗೆ ಹೋಗುತ್ತಿತ್ತು, ಅದನ್ನು ಸರಿ ಮಾಡುವ ತಾಳ್ಮೆ ಯಾರಿಗೂ ಇರುತ್ತಿರಲಿಲ್ಲ. ಅಲ್ಲದೆ 4 12 ಅಂದರೆ ಏಪ್ರಿಲ್ ಹನ್ನೆರಡೋ ಡಿಸೆಂಬರ್ ನಾಲ್ಕೋ? ಅದೇ ರೋಲಿನ ಬೇರೆ ಫೋಟೋಗಳನ್ನು ನೋಡಿ. ಗಣೇಶ ಚೌತಿಯದ್ದೋ ದೀಪಾವಳಿಯದ್ದೋ ಒಂದು ಸಿಕ್ಕರೆ ಲೆಕ್ಕ ಸರಿಹೋಗುತ್ತದೆ.

ಹಿಂದೆ ಬರೆದ ಹಕ್ಕಿ ಹೆಸರೂ ಹಳೆಯದಿರಬಹುದು. ‘ಸ್ಮಾಲ್ ಸನ್‌ಬರ್ಡ್’ ಅಂತ ಇದ್ದರೆ ಅದು ಈಗಿನ ಕ್ರಿಮ್ಸನ್-ಬ್ಯಾಕ್ಡ್ ಸನ್‌ಬರ್ಡ್. ‘ಮರೂನ್-ಬ್ರೆಸ್ಟೆಡ್’ ಅಂದರೆ ಈಗಿನ ಲೋಟೆನ್ಸ್. ‘ಯೆಲ್ಲೋ-ಬ್ಯಾಕ್ಡ್’ ಅಂತಿದ್ದರೆ ನಮ್ಮ ಕಡೆಯ ಮಟ್ಟಿಗೆ ಈಗಿನ ವಿಗರ್ಸ್. ಊರಿನ ಹೆಸರಿಗೂ ಇದೇ ಮಾತು. ‘ಸೂಪಾ’ ಅಂತ ಬರೆದಿದ್ದರೆ ಅದು ತಾಲೂಕಿನ ಹಳೇ ಹೆಸರು, ಈಗ ಜೋಯಿಡಾ. ಹಳೇ ಸೂಪಾ ಊರು ಅಣೆಕಟ್ಟಿನ ನೀರಿನಡಿ ಹೋಗಿದೆ.

2. ಪ್ರತಿ ಮಾಡಿಕೊಳ್ಳಿ, ಮೂಲವನ್ನು ಮುಟ್ಟುವುದು ಕಡಿಮೆ ಮಾಡಿ

ನಮ್ಮ ಮಳೆಗೆ ಆಲ್ಬಂ ಬೂಷ್ಟು ಹಿಡಿಯದೇ ಇರುವುದೇ ಅಪರೂಪ. ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಚಿತ್ರವೇ ಎದ್ದು ಬರುತ್ತದೆ. ಒಣಗಿದ ಜಾಗದಲ್ಲಿ ಕೆಲವು ದಿನ ಇಟ್ಟು, ಆಮೇಲೆ ಮೆತ್ತನೆಯ ಬ್ರಷ್‌ನಲ್ಲಿ ಹಗುರವಾಗಿ ಸವರಿ. ಗಾಜಿಗೆ ಅಂಟಿಕೊಂಡ ಫೋಟೋವನ್ನು ಎಳೆಯಲೇಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಅಂಟು ಹಾಳೆಯ ಆಲ್ಬಂನಿಂದ ಬಿಡಿಸಬೇಕಾದರೆ ಹಲ್ಲಿನ ಸಂದಿಗೆ ಬಳಸುವ ತೆಳು ದಾರವನ್ನು ಫೋಟೋದ ಕೆಳಗೆ ಹಾಯಿಸಿ ನಿಧಾನ ಎಳೆಯಿರಿ. ಬರದಿದ್ದರೆ ಬಿಟ್ಟುಬಿಡಿ.

ಪ್ರಿಂಟ್ ಆದರೆ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ಡಿಪಿಐ ಅಂದರೆ ಒಂದು ಇಂಚಿನಲ್ಲಿ ಸ್ಕ್ಯಾನರ್ ಎಷ್ಟು ಚುಕ್ಕೆ ಓದುತ್ತದೆ ಅನ್ನುವ ಲೆಕ್ಕ. ಪ್ರಿಂಟ್‌ನಲ್ಲಿ ಹಕ್ಕಿ ಒಂದು ಸೆಂಟಿಮೀಟರ್ ಇದ್ದರೆ 600ರಲ್ಲಿ ನಿಮಗೆ ಸಿಗುವುದು ಸುಮಾರು 236 ಚುಕ್ಕೆ. ಅಷ್ಟರಲ್ಲಿ ಕೊಕ್ಕಿನ ಆಕಾರ ಕಾಣುತ್ತದೆ, ಗರಿಯ ಅಂಚು ಕಾಣುವುದಿಲ್ಲ. ಆಗಿನ ಸಾದಾ ಕ್ಯಾಮೆರಾಗಳಲ್ಲಿ ಹತ್ತಿರ ಹೋಗಿ ತೆಗೆಯಲು ಬರುತ್ತಿರಲಿಲ್ಲ, ದೂರದ್ದನ್ನು ಹತ್ತಿರ ಎಳೆಯುವ ಲೆನ್ಸೂ ಇರಲಿಲ್ಲ. ಅದಕ್ಕೇ ಹಕ್ಕಿ ಯಾವಾಗಲೂ ಅಷ್ಟು ಚಿಕ್ಕದು.

ಹಾಗಾಗಿ ನೆಗೆಟಿವ್ ಹುಡುಕಿ. ಇದನ್ನು ಎರಡು ಸಲ ಹೇಳಿದರೂ ಕಡಿಮೆಯೇ. ಫೋಟೋ ಇದೆ, ನೆಗೆಟಿವ್ ಎಲ್ಲೋ ಇರಬೇಕು ಅನ್ನುವವರೇ ಎಲ್ಲರೂ. ಸ್ಟುಡಿಯೋ ಕೊಟ್ಟ ಕವರಿನ ಹಿಂದಿನ ಕಿಸೆಯಲ್ಲಿ ಅದು ಇರುತ್ತದೆ. 35 ಮಿ.ಮೀ. ನೆಗೆಟಿವ್ ಅನ್ನು 2400ರಿಂದ 4000 ಡಿಪಿಐಗೆ ಸ್ಕ್ಯಾನ್ ಮಾಡಿಸಿದರೆ ಪ್ರಿಂಟ್‌ನಲ್ಲಿ ಕಾಣದ್ದು ಕಾಣುತ್ತದೆ. ಆಗ್ಫಾ ಕ್ಲಿಕ್ 3ರಂಥ ಡಬ್ಬಿ ಕ್ಯಾಮೆರಾ ಆದರೆ ನೆಗೆಟಿವ್ 6 ಸೆಂ.ಮೀ. ಚೌಕ, ಇನ್ನೂ ಒಳ್ಳೆಯದು. ಸ್ಕ್ಯಾನರ್ ಇಲ್ಲವಾ? ಲ್ಯಾಪ್‌ಟಾಪ್ ಪರದೆಯನ್ನು ಪೂರ್ತಿ ಬಿಳಿ ಮಾಡಿ, ನೆಗೆಟಿವ್ ಅನ್ನು ಅದರಿಂದ ಸ್ವಲ್ಪ ಎತ್ತರದಲ್ಲಿ ಹಿಡಿದು ಫೋನ್‌ನಲ್ಲಿ ತೆಗೆಯಿರಿ, ಆಮೇಲೆ ಬಣ್ಣ ತಿರುಗಿಸಿ. ಪರದೆಗೆ ಅಂಟಿಸಿ ಹಿಡಿದರೆ ಪರದೆಯ ಚುಕ್ಕೆಗಳೇ ಚಿತ್ರದಲ್ಲಿ ಬರುತ್ತವೆ.

ಪ್ರಿಂಟ್ ಅನ್ನು ಫೋನ್‌ನಲ್ಲಿ ತೆಗೆಯುವುದಾದರೆ ಕಿಟಕಿ ಪಕ್ಕದ ನೆರಳು ಬೆಳಕು ಸಾಕು. ಫ್ಲಾಶ್ ಬೇಡ. ಕಳಿಸುವಾಗ ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಇಲ್ಲದಿದ್ದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ.

ಇನ್ನೊಂದು ದೊಡ್ಡ ಎಚ್ಚರಿಕೆ. ‘ಹಳೇ ಫೋಟೋ ಹೊಸದಾಗಿಸಿ’ ಅನ್ನುವ ಎಐ ಆ್ಯಪ್‌ಗಳಿಗೆ ಹಾಕಿದ ಚಿತ್ರದಿಂದ ಹಕ್ಕಿ ಗುರುತಿಸಬೇಡಿ. ಅವು ಇಲ್ಲದ ಗರಿಯನ್ನು ಇದೆ ಅಂತ ಬಿಡಿಸುತ್ತವೆ, ಕೊಕ್ಕನ್ನು ನುಣುಪು ಮಾಡಿ ನೇರ ಮಾಡುತ್ತವೆ, ಕಪ್ಪು-ಬಿಳುಪಿಗೆ ತಮಗೆ ಚಂದ ಕಂಡ ಬಣ್ಣ ತುಂಬುತ್ತವೆ. ಗೋಡೆಗೆ ಹಾಕಲು ಮಾಡಿಸಿಕೊಳ್ಳಿ, ತಕರಾರಿಲ್ಲ.

3. ಬಣ್ಣವನ್ನು ಎಷ್ಟು ನಂಬಬೇಕು

ಎಲ್ಲರೂ ಶುರು ಮಾಡುವುದು ಬಣ್ಣದಿಂದ. ಹಳೇ ಫೋಟೋದಲ್ಲಿ ಕೊನೆಗೆ ನಂಬಬೇಕಾದದ್ದು ಬಣ್ಣವನ್ನೇ. ಇದಕ್ಕೆ ಎರಡು ಕಾರಣ.

ಒಂದು, ಹಕ್ಕಿಯದ್ದು. ಸೂರಕ್ಕಿಯ ಮೈಮೇಲಿನ ಹೊಳೆಯುವ ಹಸಿರು, ನೀಲಿ, ನೇರಳೆ ಇವು ಗರಿಯಲ್ಲಿರುವ ಬಣ್ಣದ ಪುಡಿಯಿಂದ ಬಂದದ್ದಲ್ಲ. ಗರಿಯೊಳಗಿನ ಅತಿ ತೆಳು ಪದರಗಳಿಗೆ ಬೆಳಕು ಬಡಿದು ವಾಪಸು ಬರುವಾಗ ಹುಟ್ಟುವ ಬಣ್ಣ, ಸಾಬೂನಿನ ಗುಳ್ಳೆಯ ಮೇಲೆ ಕಾಣುತ್ತದಲ್ಲ, ಅದೇ ತರ. ಬಿಸಿಲು ಬೀಳುವ ಕೋನ ಬದಲಾದರೆ ಹಸಿರು ನೇರಳೆಯಾಗುತ್ತದೆ, ನೇರಳೆ ಬರೀ ಕಪ್ಪಾಗುತ್ತದೆ. ಆದ್ದರಿಂದ ಫೋಟೋದಲ್ಲಿ ಕಪ್ಪು ಕಂಡರೆ ಹಕ್ಕಿ ಕಪ್ಪು ಅಂತಲ್ಲ, ಆ ಕ್ಷಣದಲ್ಲಿ ಬೆಳಕು ಕ್ಯಾಮೆರಾ ಕಡೆ ಬರಲಿಲ್ಲ ಅಂತ. ಹಳದಿ, ಮಾಸಲು ಕಂದು, ಬೂದು ಇವು ಹಾಗಲ್ಲ, ಯಾವ ಕಡೆಯಿಂದ ನೋಡಿದರೂ ಅವೇ.

ಎರಡು, ಕಾಗದದ್ದು. ಬಣ್ಣದ ಪ್ರಿಂಟ್‌ನಲ್ಲಿ ಮೂರು ಬಣ್ಣದ ಪದರಗಳಿರುತ್ತವೆ: ಹಳದಿ, ಕೆನ್ನೇರಳೆಯಂಥ ಮೆಜೆಂಟಾ, ಹಸಿರು ನೀಲಿಯಂಥ ಸಯಾನ್. ಮೂರೂ ಒಂದೇ ವೇಗದಲ್ಲಿ ಮಾಸುವುದಿಲ್ಲ. ಎಪ್ಪತ್ತರ ದಶಕದ ಎಷ್ಟೋ ಪ್ರಿಂಟ್‌ಗಳಲ್ಲಿ ಸಯಾನ್ ಮೊದಲು ಹೋಗಿ ಇಡೀ ಚಿತ್ರ ಕೆಂಪಗಾಗಿರುತ್ತದೆ. ಗೋಡೆಯ ಮೇಲೆ ಬಿಸಿಲಿಗೆ ತೂಗುಹಾಕಿದ್ದು ಬೇರೆ ರೀತಿ ಮಾಸುತ್ತದೆ, ಪೆಟ್ಟಿಗೆಯಲ್ಲಿದ್ದದ್ದು ಬೇರೆ ರೀತಿ. ಕೊಡಾಕ್ರೋಮ್ ಸ್ಲೈಡ್ ಕತ್ತಲಲ್ಲಿಟ್ಟಿದ್ದರೆ ಮಾತ್ರ ಬಣ್ಣ ಚೆನ್ನಾಗಿ ಉಳಿದಿರುತ್ತದೆ. ಮನೆಯಲ್ಲಿ ಅಂಥ ಸ್ಲೈಡ್ ಇದ್ದವರು ಪುಣ್ಯವಂತರು.

ಪರೀಕ್ಷೆ ಸುಲಭ. ಅದೇ ಫೋಟೋದಲ್ಲಿ ಬಿಳಿ ಇರಲೇಬೇಕಾದ ವಸ್ತು ಹುಡುಕಿ: ಸುಣ್ಣ ಬಳಿದ ಗೋಡೆ, ಒಣಹಾಕಿದ ಪಂಚೆ, ಅನಂತ ಪುಷ್ಪ. ಅದು ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಹಕ್ಕಿಯ ಕೆಂಪನ್ನೂ ನಂಬಬೇಡಿ. ಫೋನ್‌ನ ಎಡಿಟರ್‌ನಲ್ಲಿ ಆ ಬಿಳಿ ಸರಿಹೋಗುವಷ್ಟು ಬಣ್ಣ ತಿದ್ದಿ, ಮತ್ತೆ ಹಕ್ಕಿ ನೋಡಿ. ಮೂಲ ಸ್ಕ್ಯಾನ್ ಅನ್ನು ಬೇರೆ ಇಟ್ಟಿರಿ, ಅದರ ಮೇಲೇ ತಿದ್ದಬೇಡಿ.

ಕಪ್ಪು-ಬಿಳುಪು ಫೋಟೋ ಅಂದ ಕೂಡಲೇ ಕೈಬಿಡುವವರಿದ್ದಾರೆ. ನನಗಂತೂ ಕೆಂಪಗೆ ಮಾಸಿದ ಬಣ್ಣದ ಪ್ರಿಂಟ್‌ಗಿಂತ ಅದೇ ವಾಸಿ, ಯಾಕೆಂದರೆ ಸುಳ್ಳು ಹೇಳುವುದಿಲ್ಲ. ಹಳದಿ ಹೊಟ್ಟೆ ತಿಳಿಯಾಗಿ ಬರುತ್ತದೆ, ಹೊಳೆಯುವ ಭಾಗ ಗಾಢವಾಗಿ ಬರುತ್ತದೆ. ಎದೆ ಕಪ್ಪು, ಹೊಟ್ಟೆ ತಿಳಿ, ನಡುವೆ ಗೆರೆ ಎಳೆದ ಹಾಗೆ ಗಡಿ ಇದ್ದರೆ ಹೆಚ್ಚಾಗಿ ಎರಡೇ ಜಾತಿ ಉಳಿಯುತ್ತವೆ. ಪೂರ್ತಿ ಗಾಢವಾಗಿದ್ದರೆ ಬೇರೆ ಎರಡು. ಆರನೇ ಹಂತದಲ್ಲಿ ಇದನ್ನೇ ಬಳಸುತ್ತೇವೆ.

4. ಅದು ಸೂರಕ್ಕಿಯೇ ಹೌದಾ?

ಮೊದಲು ಪತಂಗವನ್ನು ಹೊರಗೆ ಹಾಕಿ. ಸಂಜೆ ಹೊತ್ತು ಹೂವಿನ ಮುಂದೆ ಗಾಳಿಯಲ್ಲೇ ನಿಂತು ರಸ ಹೀರುವ ಹಾಕ್‌ಮಾತ್ ಅನ್ನುವ ಪತಂಗವಿದೆ. ‘ನಮ್ಮನೇಲಿ ಹಮ್ಮಿಂಗ್‌ಬರ್ಡ್ ಇದೆ, ಹಾರುತ್ತಾ ನಿಲ್ಲುತ್ತದೆ’ ಅನ್ನುವವರ ಫೋಟೋದಲ್ಲಿ ಎಷ್ಟೋ ಸಲ ಇದೇ ಇರುತ್ತದೆ. ತಲೆಯ ಮೇಲೆ ಎರಡು ಮೀಸೆ ಕಂಡರೆ ಪತಂಗ. ಕೊಕ್ಕಿನ ಜಾಗದಲ್ಲಿ ಕೂದಲಿನಷ್ಟು ತೆಳ್ಳನೆಯ ನಳಿಗೆ ಇದ್ದರೂ ಪತಂಗ. ಸೂರಕ್ಕಿಯೂ ಒಂದೊಂದು ಕ್ಷಣ ಗಾಳಿಯಲ್ಲಿ ನಿಲ್ಲುತ್ತದೆ, ಆದರೆ ಹೆಚ್ಚಾಗಿ ಕಡ್ಡಿ ಹಿಡಿದು ಕೂತೇ ಕುಡಿಯುತ್ತದೆ.

ಕೊಕ್ಕು ಗಿಡ್ಡವಾಗಿದ್ದು, ಮೈ ಮಾಸಲಾಗಿದ್ದು, ಬಂದಳಿಕೆ ಹಣ್ಣಿನ ಹತ್ತಿರ ಇದ್ದರೆ ಅದು ಫ್ಲವರ್‌ಪೆಕರ್ ಗುಂಪಿನ ಹಕ್ಕಿ. ಕಣ್ಣಿನ ಸುತ್ತ ಬಿಳಿ ಬಳೆ ಇದ್ದರೆ ಬಿಳಿಗಣ್ಣ. ಇನ್ನು ಘಟ್ಟದ ಮೇಲಿನವರು, ಕಾಡು ಬಾಳೆಯ ಹೂವಿಗೆ ಬಂದ, ಸೂರಕ್ಕಿಗಿಂತ ದಪ್ಪನಾದ, ಬಹಳ ಉದ್ದ ಕೊಕ್ಕಿನ, ಎಲ್ಲೂ ಹೊಳಪಿಲ್ಲದ ಹಕ್ಕಿ ಕಂಡರೆ ಲಿಟಲ್ ಸ್ಪೈಡರ್‌ಹಂಟರ್ ಅನ್ನು ನೆನಪಿಡಿ. ಅದೂ ಸೂರಕ್ಕಿಯ ಕುಟುಂಬದ್ದೇ. ಗಂಟಲು ಬೂದು ಬಿಳಿ, ಹೊಟ್ಟೆ ಹಳದಿ.

5. ಕೊಕ್ಕನ್ನು ಅಳೆಯಿರಿ

ಬಣ್ಣ ಮಾಸುತ್ತದೆ, ಕೊಕ್ಕು ಮಾಸುವುದಿಲ್ಲ. ಸ್ಕ್ಯಾನ್ ಅನ್ನು ದೊಡ್ಡದು ಮಾಡಿ, ಪರದೆ ಮೇಲೆ ಸ್ಕೇಲಿಟ್ಟು ಎರಡು ಅಳತೆ ತೆಗೆಯಿರಿ: ಕೊಕ್ಕಿನ ತುದಿಯಿಂದ ಬುಡದವರೆಗೆ, ಕೊಕ್ಕಿನ ಬುಡದಿಂದ ತಲೆಯ ಹಿಂಭಾಗದವರೆಗೆ. ಸೆಂಟಿಮೀಟರ್ ಎಷ್ಟು ಅನ್ನುವುದು ಮುಖ್ಯವಲ್ಲ, ಕೊಕ್ಕು ತಲೆಗಿಂತ ಉದ್ದವಾ, ಎಷ್ಟು ಉದ್ದ ಅನ್ನುವುದಷ್ಟೇ ಬೇಕು. ಕೊಕ್ಕು ತಲೆಗಿಂತ ಎದ್ದು ಕಾಣುವಷ್ಟು ಉದ್ದವಾಗಿದ್ದು ಕುಡುಗೋಲಿನಷ್ಟು ಬಾಗಿದ್ದರೆ ಲೋಟೆನ್ಸ್ ಸೂರಕ್ಕಿಯ ಕಡೆ ಒಲವು ಜಾಸ್ತಿ. ಸಾಧಾರಣ ಉದ್ದ, ಸಾಧಾರಣ ಬಾಗು ಇದ್ದರೆ ಉಳಿದವು.

ಈ ಅಳತೆ ಹಕ್ಕಿ ಪಕ್ಕಕ್ಕೆ ಪೂರ್ತಿ ತಿರುಗಿದ್ದಾಗ ಮಾತ್ರ ಸರಿ. ಸ್ವಲ್ಪ ನಮ್ಮ ಕಡೆ ತಿರುಗಿದ್ದರೂ ಕೊಕ್ಕು ಗಿಡ್ಡವಾಗಿ, ನೇರವಾಗಿ ಕಾಣುತ್ತದೆ. ತುದಿ ಹೂವಿನೊಳಗೆ ಹೋಗಿದ್ದರೆ ಅಳೆಯಲೇಬೇಡಿ. ನಾಲಿಗೆ ಹೊರಗೆ ಚಾಚಿದ್ದರೆ ಅದನ್ನೂ ಕೊಕ್ಕಿಗೆ ಸೇರಿಸಿ ಲೋಟೆನ್ಸ್ ಮಾಡಿಬಿಡುತ್ತಾರೆ, ಗಮನಿಸಿ.

ಗಾತ್ರಕ್ಕೂ ಒಂದು ಉಪಾಯವಿದೆ. ಹಕ್ಕಿ ಬಟ್ಟೆ ಒಣಹಾಕುವ ತಂತಿಯ ಮೇಲೋ, ಕಿಟಕಿಯ ಸರಳಿನ ಮೇಲೋ ಕೂತಿದ್ದು ಆ ಕಿಟಕಿ ಇನ್ನೂ ಮನೆಯಲ್ಲಿದ್ದರೆ ಹೋಗಿ ಅಳೆಯಿರಿ. ಕ್ರಿಮ್ಸನ್-ಬ್ಯಾಕ್ಡ್ ಸುಮಾರು 8 ಸೆಂ.ಮೀ., ಪರ್ಪಲ್ ಮತ್ತು ಪರ್ಪಲ್-ರಂಪ್ಡ್ ಸುಮಾರು 10, ಲೋಟೆನ್ಸ್ ಇನ್ನೂ ಎರಡು ಮೂರು ಸೆಂ.ಮೀ. ಹೆಚ್ಚು.

6. ಗಂಡು ಹಕ್ಕಿಯಾದರೆ: ಎದೆ, ಹೊಟ್ಟೆ, ನಡುವಿನ ಗಡಿ

ಎದೆ ಗಾಢ, ಹೊಟ್ಟೆ ಹಳದಿ ಇರುವವು ಎರಡು. ಪರ್ಪಲ್-ರಂಪ್ಡ್ ನಮ್ಮ ಮನೆಯಂಗಳದ ಸಾಮಾನ್ಯ ಸೂರಕ್ಕಿ. ಗಂಟಲು ನೇರಳೆ, ಎದೆಯ ಮೇಲೆ ಸಣ್ಣ ಕೆಂಗಂದು ಪಟ್ಟಿ, ಆಮೇಲೆ ಹಳದಿ, ಹೊಟ್ಟೆಯ ಪಕ್ಕಗಳು ಬಿಳಿಚು. ಕ್ರಿಮ್ಸನ್-ಬ್ಯಾಕ್ಡ್ ಇದಕ್ಕಿಂತ ಚಿಕ್ಕದು, ಎದೆಯ ಪಟ್ಟಿ ಅಗಲ, ಬೆನ್ನೂ ಪಟ್ಟಿಯೂ ಗಾಢ ಕೆಂಪು. ಇದು ಪಶ್ಚಿಮ ಘಟ್ಟದ ಸ್ವಂತ ಹಕ್ಕಿ. 1832ರಲ್ಲಿ ಕರ್ನಲ್ ಸೈಕ್ಸ್ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ. ಎಡವುವ ಜಾಗ ಇಲ್ಲಿದೆ: ಕೆಂಪಗೆ ಮಾಸಿದ ಪ್ರಿಂಟ್‌ನಲ್ಲಿ ಪರ್ಪಲ್-ರಂಪ್ಡ್‌ನ ಕಂದು ಬೆನ್ನು ಕೆಂಪಾಗಿ ಕಂಡು ಎಲ್ಲರೂ ‘ಅಪರೂಪದ್ದು ಸಿಕ್ಕಿತು’ ಅಂತ ಕುಣಿಯುತ್ತಾರೆ. ಬೆನ್ನಿನ ಬಣ್ಣ ಬಿಡಿ, ಪಟ್ಟಿಯ ಅಗಲ ನೋಡಿ. ಅಗಲ ಕಾಣದಿದ್ದರೆ ತೀರ್ಮಾನ ಬೇಡ.

ಪೂರ್ತಿ ಕಪ್ಪಗೆ ಕಾಣುವವೂ ಎರಡು. ಪರ್ಪಲ್ ಸನ್‌ಬರ್ಡ್ ಗಂಡು ಮೈಪೂರ್ತಿ ನೀಲಿಗಪ್ಪು. ಲೋಟೆನ್ಸ್ ಗಂಡಿನ ತಲೆ, ಬೆನ್ನು ಹೊಳಪು, ಎದೆಗೆ ಕೆಂಗಂದು ಪಟ್ಟಿ, ಹೊಟ್ಟೆ ಮಾತ್ರ ಹೊಳಪಿಲ್ಲದ ಕಂದು. ಪುಸ್ತಕದಲ್ಲಿ ಸುಲಭ. ಫೋಟೋದಲ್ಲಿ ಹಾಗಲ್ಲ, ಏಕೆಂದರೆ ಪರ್ಪಲ್‌ನ ಎದೆಯ ಕೆಳಗೂ ಒಮ್ಮೊಮ್ಮೆ ತೆಳು ಕೆಂಗಂದು ಗೆರೆ ಇರುತ್ತದೆ, ಮಾಸಿದ ಪ್ರಿಂಟ್‌ನಲ್ಲಿ ಅದರ ಕಪ್ಪು ಹೊಟ್ಟೆಯೂ ಕಂದಾಗುತ್ತದೆ. ಇವೆರಡರ ನಡುವೆ ಜಗಳ ಬಂದರೆ ಕೊಕ್ಕಿನ ಮಾತೇ ಕೊನೆ. ರೆಕ್ಕೆಯ ಬುಡದಲ್ಲಿ ಹಳದಿ ಗರಿಯ ಕುಚ್ಚು ಕಂಡಿತು ಅಂತ ತೀರ್ಪು ಕೊಡಬೇಡಿ, ಅದು ಎರಡಕ್ಕೂ ಇದೆ. ಲೋಟೆನ್ ಅಂದರೆ ಹದಿನೆಂಟನೇ ಶತಮಾನದಲ್ಲಿ ಶ್ರೀಲಂಕಾದಲ್ಲಿದ್ದ ಡಚ್ ಗವರ್ನರ್, ಹಕ್ಕಿಯ ಹೆಸರು ಅಲ್ಲಿಂದ ಬಂತು.

ಗಂಟಲಿನಿಂದ ಹೊಟ್ಟೆಯವರೆಗೆ ನಡುವೆ ಒಂದೇ ಕಪ್ಪು ಗೀಟು, ಉಳಿದ ಮೈಯೆಲ್ಲ ಹೆಣ್ಣಿನ ಹಾಗೆ ಮಾಸಲು ಹಳದಿ ಇದ್ದರೆ? ಅದು ಹೆಚ್ಚಾಗಿ ಪರ್ಪಲ್ ಸನ್‌ಬರ್ಡ್‌ನ ಗಂಡೇ. ಮರಿ ಮಾಡುವ ಕಾಲ ಮುಗಿದ ಮೇಲೆ ಹೊಳಪಿನ ಗರಿ ಕಳಚಿ ಹೀಗಾಗುತ್ತದೆ. ಹಕ್ಕಿ ನೋಡುವವರು ಇದನ್ನು ಎಕ್ಲಿಪ್ಸ್ ವೇಷ ಅನ್ನುತ್ತಾರೆ. ಪರ್ಪಲ್-ರಂಪ್ಡ್ ಗಂಡು ಹೀಗೆ ವೇಷ ಬದಲಿಸುವುದಿಲ್ಲ.

ಐದನೆಯದು ವಿಗರ್ಸ್. ಗಂಟಲೂ ಎದೆಯೂ ಕಡುಗೆಂಪು, ಎದೆಯ ಮೇಲೆ ಸಣ್ಣ ಸಣ್ಣ ಹಳದಿ ಗೀರುಗಳು, ಹೊಟ್ಟೆ ಬೂದು, ಬಾಲ ಉದ್ದ ಮತ್ತು ಚೂಪು. ಇದೂ ಪಶ್ಚಿಮ ಘಟ್ಟದ್ದೇ, ಇದನ್ನೂ ಸೈಕ್ಸ್ 1832ರಲ್ಲೇ ವಿವರಿಸಿದ್ದು. ಬಣ್ಣದ ಫೋಟೋದಲ್ಲಿ ಗೊಂದಲ ಕಡಿಮೆ. ಕಪ್ಪು-ಬಿಳುಪಿನಲ್ಲಿ ಕೆಂಪು ಎಷ್ಟು ಗಾಢವಾಗಿ ಬರುತ್ತದೆ ಅನ್ನುವುದು ಫಿಲ್ಮಿನ ಮೇಲೆ ಹೋಗುತ್ತದೆ, ಕೆಲವು ಹಳೇ ಫಿಲ್ಮ್‌ಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ, ಕಪ್ಪಾಗಿ ಬರುತ್ತಿತ್ತು. ಅಂಥದ್ದರಲ್ಲಿ ಬಾಲ ನೋಡಿ.

7. ಹೆಣ್ಣಾದರೆ ತಾಳ್ಮೆ ಬೇಕು

ಗೂಡು ಕಟ್ಟುವುದು ಹೆಚ್ಚಾಗಿ ಹೆಣ್ಣೇ. ಜಗುಲಿಯ ತಂತಿಗೆ ಜೋತುಬಿದ್ದ ಚೀಲದಂಥ ಗೂಡಿನ ಫೋಟೋಗಳಲ್ಲಿ ಅದಕ್ಕೇ ಹೆಣ್ಣು ಜಾಸ್ತಿ. ಗೂಡು ನೋಡಿ ಜಾತಿ ಹೇಳಬೇಡಿ, ಜೇಡರ ಬಲೆ, ತೊಗಟೆ ಚೂರು ಸೇರಿಸಿ ಎಲ್ಲರೂ ಹೆಚ್ಚುಕಡಿಮೆ ಒಂದೇ ತರ ಕಟ್ಟುತ್ತಾರೆ.

ಗಂಟಲು ಬೂದು ಬಿಳಿ, ಎದೆ ಹಳದಿ, ನಡುವೆ ವ್ಯತ್ಯಾಸ ಎದ್ದು ಕಂಡರೆ ಪರ್ಪಲ್-ರಂಪ್ಡ್ ಹೆಣ್ಣು. ಗಂಟಲಿನಿಂದಲೇ ಹಳದಿ ಶುರುವಾಗಿ, ಕಣ್ಣಿನ ಮೇಲೆ ತಿಳಿ ಹುಬ್ಬು ಇದ್ದರೆ ಪರ್ಪಲ್. ಹುಬ್ಬು ಸ್ಪಷ್ಟವಿಲ್ಲ, ಕೊಕ್ಕು ಉದ್ದ ಅಂದರೆ ಲೋಟೆನ್ಸ್. ಬಾಲದ ಬುಡದ ಮೇಲ್ಭಾಗ ಕೆಂಪಗಿದ್ದರೆ ಕ್ರಿಮ್ಸನ್-ಬ್ಯಾಕ್ಡ್ ಹೆಣ್ಣು. ಇದು ಬಹಳ ಒಳ್ಳೇ ಗುರುತು, ಆದರೆ ರೆಕ್ಕೆ ಮಡಚಿ ಕೂತರೆ ಮುಚ್ಚಿಹೋಗುತ್ತದೆ. ಮರಿಗಳ ಗಂಟಲೂ ಹಳದಿ ಇರಬಹುದು, ಹಾಗಾಗಿ ಕೊಕ್ಕಿನ ಬುಡದಲ್ಲಿ ತಿಳಿಬಣ್ಣದ ಬಾಯಂಚು ಕಂಡರೆ ಗಂಟಲಿನ ಲೆಕ್ಕ ಬಿಡಿ.

ಇಲ್ಲಿ ಜಾಗದ ನೆರವು ತೆಗೆದುಕೊಳ್ಳಿ. ಕಾರವಾರ, ಅಂಕೋಲಾ, ಹೊನ್ನಾವರದ ಮನೆಯಂಗಳ ಅಂದರೆ ಪರ್ಪಲ್-ರಂಪ್ಡ್ ಮೊದಲು, ಆಮೇಲೆ ಲೋಟೆನ್ಸ್. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡಿನಂಚಿನ ತೋಟವಾದರೆ ಕ್ರಿಮ್ಸನ್-ಬ್ಯಾಕ್ಡ್ ಅನ್ನೂ ಪಟ್ಟಿಗೆ ಸೇರಿಸಿ. ವಿಗರ್ಸ್ ಕಾಡಿನ ಹಕ್ಕಿ. ಮುಂಡಗೋಡಿನ ಕಡೆ ಒಣ ಬಯಲಿಗೆ ಹೋದಂತೆ ಪರ್ಪಲ್‌ಗೆ ಬಲ ಹೆಚ್ಚು. ಆದರೆ ಜಾಗ ಸಂಭವವನ್ನು ಹೇಳುತ್ತದೆ, ತೀರ್ಪನ್ನಲ್ಲ.

8. ಅಮೆರಿಕದಿಂದ ಬಂದ ಫೋಟೋ ಆದರೆ

ಈಗ ನಿಜವಾದ ಹಮ್ಮಿಂಗ್‌ಬರ್ಡ್. ಸಕ್ಕರೆ ನೀರಿನ ಕೆಂಪು ಸೀಸೆಗೆ ಬಂದ ಹಕ್ಕಿ, ಹಿಂದೆ ಬಿಳಿ ಬೇಲಿ. ಮೊದಲು ಕೇಳಬೇಕಾದ್ದು: ಯಾವ ರಾಜ್ಯ? ಅಮೆರಿಕದ ಪೂರ್ವ ಭಾಗದಲ್ಲಿ, ಅಂದರೆ ನ್ಯೂಜೆರ್ಸಿ, ವರ್ಜೀನಿಯಾ ಕಡೆ, ಮರಿ ಮಾಡುವುದು ರೂಬಿ-ಥ್ರೋಟೆಡ್ ಒಂದೇ. ಗಂಡಿಗೆ ಕೆಂಪು ಗಂಟಲು, ಕವಲು ಬಾಲ. ಹೆಣ್ಣಿನ ಗಂಟಲು ಬಿಳಿ. ಬೇಸಿಗೆಯ ಫೋಟೋ ಆದರೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಡಿಸೆಂಬರ್‌ನದ್ದಾದರೆ ಮಾತ್ರ ನಿಲ್ಲಿ. ಆಗ ಅದು ದಕ್ಷಿಣಕ್ಕೆ ವಲಸೆ ಹೋಗಿರುತ್ತದೆ, ಪಶ್ಚಿಮದಿಂದ ದಾರಿತಪ್ಪಿ ಬಂದ ರೂಫಸ್‌ನಂಥ ಬೇರೆ ಜಾತಿ ಇರಬಹುದು.

ಕ್ಯಾಲಿಫೋರ್ನಿಯಾ ಕಡೆ ಗೊಂದಲ ಜಾಸ್ತಿ. ವರ್ಷವಿಡೀ ಅಂಗಳದಲ್ಲಿರುವುದು ಅನ್ನಾಸ್. ಗಂಡಿನ ಗಂಟಲಷ್ಟೇ ಅಲ್ಲ, ನೆತ್ತಿಯೂ ಗುಲಾಬಿ ಕೆಂಪು. ಗಂಟಲು ಕಪ್ಪು, ಅದರ ಕೆಳಗೆ ನೇರಳೆ ಅಂಚು ಇದ್ದರೆ ಬ್ಲ್ಯಾಕ್-ಚಿನ್ಡ್. ಮೈ ಇಟ್ಟಿಗೆ ಬಣ್ಣವಿದ್ದರೆ ರೂಫಸ್ ಅಥವಾ ಆ್ಯಲೆನ್ಸ್. ಅವೆರಡರ ಹೆಣ್ಣುಗಳನ್ನು ಹಳೇ ಫೋಟೋದಿಂದ ಬೇರೆ ಮಾಡುವ ಹಟ ಬೇಡ, ಕೈಯಲ್ಲಿ ಹಿಡಿದವರಿಗೂ ಕಷ್ಟ.

ವರ್ಷವೂ ಇಲ್ಲಿ ಮುಖ್ಯ. ಅನ್ನಾಸ್ ಹಿಂದೆ ದಕ್ಷಿಣ ಕ್ಯಾಲಿಫೋರ್ನಿಯಾ ಮತ್ತು ಮೆಕ್ಸಿಕೋದ ಬಾಹಾ ಕಡೆ ಮಾತ್ರ ಮರಿ ಮಾಡುತ್ತಿತ್ತು. ಇಪ್ಪತ್ತನೇ ಶತಮಾನದಲ್ಲಿ, ಅಂಗಳದ ಹೂಗಿಡ ಮತ್ತು ಸಕ್ಕರೆ ನೀರು ಹೆಚ್ಚಾದ ಹಾಗೆ, ಉತ್ತರಕ್ಕೆ ಹರಡಿತು. ಈಗಿನ ನಕ್ಷೆ ಇಟ್ಟುಕೊಂಡು ಬಹಳ ಹಳೇ ಫೋಟೋ ಅಳೆದರೆ ತಪ್ಪುತ್ತದೆ. ಮೂರನೇ ಹಂತದಲ್ಲಿ ಹೇಳಿದ ಬೆಳಕಿನ ಮಾತು ಹಮ್ಮಿಂಗ್‌ಬರ್ಡ್‌ನ ಗಂಟಲಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಕಪ್ಪು ಗಂಟಲು ಕಂಡ ಕೂಡಲೇ ಬ್ಲ್ಯಾಕ್-ಚಿನ್ಡ್ ಅನ್ನಬೇಡಿ.

9. ಆ್ಯಪ್‌ಗೆ ಕೇಳಿ, ಆದರೆ ಕೊನೆಗೆ

ಮರ್ಲಿನ್, ಐನ್ಯಾಚುರಲಿಸ್ಟ್ ಎರಡೂ ಉಚಿತ. ಆದರೆ ಅವಕ್ಕೆ ಜಾಗ ಮತ್ತು ತಾರೀಕನ್ನು ನೀವೇ ಸರಿಯಾಗಿ ಹಾಕಿ. ಸುಮ್ನೆ ಬಿಟ್ಟರೆ ಇವತ್ತು ಸ್ಕ್ಯಾನ್ ಮಾಡಿದ ದಿನವನ್ನೇ ಫೋಟೋದ ದಿನ ಅಂದುಕೊಳ್ಳುತ್ತವೆ. ಬೆಂಗಳೂರಿನಲ್ಲಿ ಕೂತು ಕೇಳಿದರೆ ಬೆಂಗಳೂರಿನ ಹಕ್ಕಿ ಹೇಳುತ್ತವೆ. ಮೊದಲು ನಿಮ್ಮ ಊಹೆ ಬರೆದಿಡಿ, ಆಮೇಲೆ ಆ್ಯಪ್ ನೋಡಿ. ಎರಡೂ ಬೇರೆಯಾದರೆ ಮತ್ತೆ ಕೊಕ್ಕಿಗೆ ಹೋಗಿ.

ಹೆಸರು ಖಚಿತವಾದರೆ, ತಾರೀಕು ಮತ್ತು ಊರು ಗೊತ್ತಿದ್ದರೆ, ಹಕ್ಕಿ ನೋಡಿದ್ದನ್ನು ದಾಖಲಿಸುವ ಜಾಲತಾಣ ಇಬರ್ಡ್‌ಗೆ ಸೇರಿಸಿ. ಅಲ್ಲಿ ಹಳೇ ವರ್ಷದ ದಾಖಲೆಯನ್ನೂ ಹಾಕಬಹುದು. ಊಹೆಯ ತಾರೀಕು ಹಾಕಬೇಡಿ, ಅದು ದಾಖಲೆಯನ್ನು ಕೆಡಿಸುತ್ತದೆ.

ಎರಡು ಹೆಸರಿನ ನಡುವೆ ನಿಂತುಹೋದರೆ ಹಾಗೇ ಬರೆಯಿರಿ: ‘ಪರ್ಪಲ್ ಅಥವಾ ಲೋಟೆನ್ಸ್, ಗಂಡು, ಕೊಕ್ಕು ಕಾಣುತ್ತಿಲ್ಲ.’ ಬಹಳ ಫೋಟೋಗಳು ಇಲ್ಲಿಗೇ ನಿಲ್ಲುತ್ತವೆ. ಇಡೀ ಕುಟುಂಬ ಗ್ರೂಪ್‌ನಲ್ಲಿ ಮತ ಹಾಕಿ ತೀರ್ಮಾನಿಸಿದರೆ ಹಕ್ಕಿ ಬದಲಾಗುವುದಿಲ್ಲ.

ಕೊನೆಯ ಕೆಲಸ, ಬರೆದಿಡುವುದು. ಪ್ರಿಂಟ್‌ನ ಹಿಂದೆ ಮೆತ್ತನೆಯ ಪೆನ್ಸಿಲ್‌ನಿಂದ ಅಂಚಿನಲ್ಲಿ ಹಗುರವಾಗಿ ಬರೆಯಿರಿ. ಬಾಲ್‌ಪೆನ್ ಒತ್ತಿದರೆ ಮುಂಭಾಗದ ಚಿತ್ರದ ಮೇಲೆ ಗೆರೆ ಏಳುತ್ತದೆ. ಅಜ್ಜ ‘ಹಮ್ಮಿಂಗ್‌ಬರ್ಡ್’ ಅಂತ ಬರೆದದ್ದನ್ನು ಅಳಿಸಬೇಡಿ. ಅದರ ಕೆಳಗೆ ಹೊಸ ಹೆಸರು, ಗುರುತಿಸಿದವರು ಯಾರು, ಯಾವ ವರ್ಷ, ಯಾವ ಗುರುತು ನೋಡಿ ಹೇಳಿದ್ದು ಅಂತ ಸೇರಿಸಿ. ಸ್ಕ್ಯಾನ್ ಫೈಲಿಗೂ ಅದೇ ಹೆಸರಿಡಿ: ವರ್ಷ, ಊರು, ಹಕ್ಕಿ. ನೆಗೆಟಿವ್ ಅನ್ನು ಬೇರೆ ಕವರಿನಲ್ಲಿ ಹಾಕಿ, ಮಳೆಗಾಲಕ್ಕೆ ಮುಂಚೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ.